ತಕ್ಕಡಿ ಸಾಹೇಬರು ಓದಿದ ಚೀಟಿ

ಅವರು ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತಿತ್ತು. ಎಡಗಾಲಿನ ಚಪ್ಪಲಿ ಹೆಜ್ಜೆಗೊಮ್ಮೆ ಕಿರ್ರೆನ್ನುತ್ತಿತ್ತು. ಜೋಡಿ ಹಳತಾಗಿ ಹೊಸದು ಬಂದರೂ ಸದ್ದು ಮಾತ್ರ ಹಳೆಯದೇ. ನಡಿಗೆಯಲ್ಲೇ ಏನೋ ಒಂದು ವಾಲು ಇದ್ದಿರಬೇಕು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದ ಮನುಷ್ಯ. ಮಾರುಕಟ್ಟೆಯ ಈ ತುದಿಯಲ್ಲಿ ಕಿರ್ ಎಂದರೆ ಆ ತುದಿಯಲ್ಲಿ ತಳ ಕೊರೆದ ತೂಕದ ಕಲ್ಲುಗಳು ಗೋಣಿಚೀಲದಡಿ ಸೇರಿ, ಒಳ್ಳೆಯವು ಮೇಲೆ ಬಂದು ಕೂರುತ್ತಿದ್ದವು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ.

ಊರು ಅವರನ್ನು ತಕ್ಕಡಿ ಸಾಹೇಬರು ಎಂದು ಕರೆಯಿತು. ನಿವೃತ್ತಿಯಾಗಿ ಆರು ವರ್ಷವಾದರೂ ಕೈಯೊಳಗಿನ ತಕ್ಕಡಿ ನಿವೃತ್ತಿಯಾಗಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಅಂಗೈ ಮೇಲೆ ಎರಡು ಸಲ ಆಡಿಸಿ "ನಾಲ್ಕು ಗ್ರಾಂ ಕಮ್ಮಿ" ಎನ್ನುವರು. ಮನೆಯ ಗಡಿಯಾರವನ್ನು ರೇಡಿಯೋದೊಂದಿಗೆ ತಾಳೆ ನೋಡುವರು, ರೇಡಿಯೋವನ್ನು ಪಕ್ಕದ ಮನೆಯ ರೇಡಿಯೋದೊಂದಿಗೆ. ದಾರಿಯಲ್ಲಿ ಯಾರಾದರೂ "ಚೆನ್ನಾಗಿದ್ದೀರಾ?" ಎಂದರೆ, ಅವನು ಹಾಗೇಕೆ ಕೇಳಿದ ಎಂದು ಅರ್ಧ ದಿನ ತಲೆಯಲ್ಲಿ ಹುಳ ಬಿಟ್ಟುಕೊಳ್ಳುವರು.

ಇಂಥವರ ಹೆಂಡತಿ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಆರುನೂರು ನಂಬರು ಅವರ ಬಾಯಲ್ಲಿದ್ದವು. ಯಾರಾದರೂ "ಅಕ್ಕಾ, ಡಾಕ್ಟರು" ಎಂದರೆ ಸಾಕು, ಯಾವ ಡಾಕ್ಟರು ಎಂದು ದನಿಯ ಗಾಬರಿಯಿಂದಲೇ ತಿಳಿದು ವೈರು ಚುಚ್ಚುತ್ತಿದ್ದರಂತೆ. ಈಗಲೂ ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಅಕ್ಕ.

ಭಾನುವಾರ ನಾಲ್ಕು ಗಂಟೆಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಐದು ಜನ ಸೇರಿ ಪುಸ್ತಕ ಓದುವುದು ಅಕ್ಕನೇ ಹಚ್ಚಿದ ಗೀಳು. ಗಂಡ ಜೊತೆಗೆ ಬಂದದ್ದು ಪುಸ್ತಕದ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿ ಏನು ನಡೆಯುತ್ತದೆ ಎಂದು ನೋಡಲು. ಬಂದು ಬಂದು ಅವರಿಗೂ ರುಚಿ ಹತ್ತಿತ್ತು. ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ. ಉಳಿದ ಮೂವರಲ್ಲಿ ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬಳು ಬಾಯಿಬಡುಕಿ ಟೈಲರಮ್ಮ. ಮತ್ತೊಬ್ಬರು ಔಷಧಿ ಅಂಗಡಿಯವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ದನಿ ಬಾವಿಯೊಳಗಿಂದ ಬಂದಂತೆ ಆಳವಾಗಿತ್ತು. ಈ ಎರಡು ಸಂಗತಿಗಳೂ ಸಾಹೇಬರಿಗೆ ಹಿಡಿಸುತ್ತಿರಲಿಲ್ಲ. ಗ್ರಂಥಾಲಯದ ಮೇಡಂ ಆರನೆಯವಳಾಗಿ ಕೂತು, ಬಾಗಿಲು ತೆರೆಯಿತು, ದೀಪ ಆರಿತು ಎಂಬ ರಂಗಸೂಚನೆಗಳನ್ನು ಓದುವಳು. ಅಲ್ಲಿ ಒಂದೇ ನಿಯಮ. ಸುಮ್ಮನೆ ಕೇಳುವವರಿಗೆ ಜಾಗವಿಲ್ಲ, ಬಂದವರೆಲ್ಲ ಓದಲೇಬೇಕು.

ಆ ಸಲ ಎತ್ತಿಕೊಂಡದ್ದು ಇನ್ನೂರು ವರ್ಷ ಹಳೆಯ ಒಂದು ಹಾಸ್ಯ ನಾಟಕದ ಕನ್ನಡ ಅನುವಾದ. ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿಗೆ ರಟ್ಟೂ ಇರಲಿಲ್ಲ, ಮೊದಲ ಪುಟವೂ ಇರಲಿಲ್ಲ. ಮೇಡಂ ಅದನ್ನೇ ಜೆರಾಕ್ಸ್ ಮಾಡಿಸಿ, ತಾನೇ ಜೋಡಿಸಿ ಪಿನ್ನು ಹೊಡೆದು ಎಲ್ಲರಿಗೂ ಕೊಟ್ಟಿದ್ದಳು. ಕತೆ ಇಷ್ಟೆ: ಒಬ್ಬ ಬಟ್ಟೆ ವ್ಯಾಪಾರಿ ಯಜಮಾನ, ಮನೆಯವರು ತನ್ನ ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾರೆಂದು ತಿಳಿಯಲು ಕಿವುಡನಂತೆ ನಟಿಸುತ್ತಾನೆ. ಅವನ ಹೆಂಡತಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವಳು ಮೂವತ್ತು ವರ್ಷ ಹೇಳಲಾಗದ್ದನ್ನೆಲ್ಲ ಅವನೆದುರೇ ಕೂತು ಗೋಡೆಗೆ ಹೇಳುತ್ತಾಳೆ; ಅವನು ಕೇಳಿಸದವನಂತೆ ಹಲ್ಲು ಕಚ್ಚಿಕೊಂಡು ಕೂರಬೇಕು.

ಪಾತ್ರ ಹಂಚಿದ್ದು ಮೇಡಂ. ಯಜಮಾನ ಡ್ರಾಯಿಂಗ್ ಮೇಷ್ಟ್ರು, ಹೆಂಡತಿ ಎಕ್ಸ್‌ಚೇಂಜ್ ಅಕ್ಕ, ಅವಳೊಡನೆ ಗುಟ್ಟು ಹಂಚಿಕೊಳ್ಳುವ ವೈದ್ಯ ಔಷಧಿ ಅಂಗಡಿಯವರು, ಕೆಲಸದವಳು ಟೈಲರಮ್ಮ. ಸಾಹೇಬರಿಗೆ ಸಿಕ್ಕಿದ್ದು ನೆರೆಮನೆಯವನು. ಅಂಕಕ್ಕೆ ಮೂರು ಮಾತು, ಅದರಲ್ಲಿ ಒಂದು ಕೆಮ್ಮು.

ಎರಡನೆಯ ಅಂಕದ ಭಾನುವಾರ ಅದು ನಡೆಯಿತು. ವೈದ್ಯ ಕೇಳುತ್ತಾನೆ: "ಅಮ್ಮಾವ್ರೇ, ಅವರು ಕಿವುಡರಲ್ಲ ಅನ್ನೋದಕ್ಕೆ ಸಾಕ್ಷಿ ಏನು?" ಎಲ್ಲರೂ ಹಾಳೆ ಮಗುಚಿದರು. ಟೈಲರಮ್ಮ ಕಣ್ಣಿಗೆ ಬಿದ್ದದ್ದನ್ನು ಓದಿದಳು: "ಅಯ್ಯೋ, ಬೆಕ್ಕು ಹಾಲೆಲ್ಲಾ ಕುಡೀತು!"

"ಇದೇನ್ರೀ, ವೈದ್ಯ ಸಾಕ್ಷಿ ಕೇಳಿದ್ರೆ ಬೆಕ್ಕು ಬಂತು?" ಎಂದರು ಮೇಷ್ಟ್ರು. ನಗು, ಗಲಾಟೆ, ಹಾಳೆಗಳ ಪರಪರ. ಅಷ್ಟರಲ್ಲಿ ಮೇಷ್ಟ್ರೇ ಕಂಡುಹಿಡಿದರು: ಜೋಡಿಸುವಾಗ ಮೇಡಂ ಮೂವತ್ತನಾಲ್ಕನೆಯ ಪುಟವನ್ನು ಮೂವತ್ತೈದರ ಹಿಂದೆ ಇಟ್ಟಿದ್ದಳು. ಎಲ್ಲರ ಪ್ರತಿಯಲ್ಲೂ ಅದೇ ತಪ್ಪು.

ಆದರೆ ಈ ಗಲಾಟೆಯ ನಡುವೆ ಸಾಹೇಬರು ನಗಲಿಲ್ಲ. ಅವರ ಕಿವಿ ನೆಟ್ಟಗಾಗಿತ್ತು. ಏಕೆಂದರೆ ಟೈಲರಮ್ಮನ ಬೆಕ್ಕಿನ ಮಾತಿನ ಜೊತೆಗೇ ಅವರ ಹೆಂಡತಿ ಸರಿಯಾದ ಉತ್ತರ ಹೇಳಿದ್ದರು: "ಹೊಗಳಿದ್ರೆ ಮುಖ ಅರಳತ್ತೆ ವೈದ್ಯರೇ. ಬೈದಾಗ ಮಾತ್ರ ಕಿವುಡು." ಅದಕ್ಕೆ ಔಷಧಿ ಅಂಗಡಿಯವರು, "ಹಾಗಾದ್ರೆ ಅವರ ಕಿವಿ ಕೆಟ್ಟಿಲ್ಲಮ್ಮಾ, ನಂಬಿಕೆ ಕೆಟ್ಟಿದೆ" ಎಂದಿದ್ದರು. ಇಬ್ಬರದೂ ನಯವಾಗಿ, ಒಂದು ತೊಡರಿಲ್ಲದೆ. ಸಾಹೇಬರು ಓರೆಗಣ್ಣಿನಿಂದ ನೋಡಿದರು. ಹೆಂಡತಿಯ ತೊಡೆಯ ಮೇಲೆ ತೆರೆದಿದ್ದದ್ದು ಬೆಕ್ಕಿನ ಪುಟವೇ. ಬೆರಳು ಬೆಕ್ಕಿನ ಮೇಲಿತ್ತು, ಬಾಯಿ ವೈದ್ಯನಿಗೆ ಉತ್ತರ ಕೊಡುತ್ತಿತ್ತು.

ಅಂದರೆ ಇಬ್ಬರೂ ಮೊದಲೇ ಕೂತು ಓದಿಕೊಂಡಿದ್ದಾರೆ. ಇಬ್ಬರೇ. ಎಲ್ಲಿ? ಯಾವಾಗ?

ಉತ್ತರ ಬುಧವಾರ ಸಿಕ್ಕಿತು. ಎರಡು ಗಂಟೆಗೆ ಅಕ್ಕ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗೆ?"

"ಗ್ರಂಥಾಲಯಕ್ಕೆ. ಪುಸ್ತಕ ವಾಪಸ್ ಕೊಡ್ಬೇಕು."

ಬಾಗಿಲ ಬಳಿ ಸಾಹೇಬರು ಚೀಲವನ್ನು ತಾವೇ ಎತ್ತಿ ಹೆಗಲಿಗೆ ಸರಿಪಡಿಸಿದಂತೆ ಮಾಡಿದರು. ಹೆಚ್ಚು ಕಡಿಮೆ ಮುನ್ನೂರು ಗ್ರಾಂ. ನಾಲ್ಕು ಗಂಟೆಗೆ ವಾಪಸ್ ಬಂದಾಗ "ಕೊಡಿಲ್ಲಿ" ಎಂದು ಪ್ರೀತಿಯಿಂದ ಇಸಿದುಕೊಂಡರು. ಮುನ್ನೂರು ಗ್ರಾಂ. ವಾಪಸ್ ಕೊಟ್ಟ ಪುಸ್ತಕ ವಾಪಸ್ ಬಂದಿತ್ತು. ಅದಲ್ಲದೆ ಬುಧವಾರ ಗ್ರಂಥಾಲಯಕ್ಕೆ ವಾರದ ರಜೆ. ಅದಲ್ಲದೆ ಔಷಧಿ ಅಂಗಡಿ ದಿನಾ ಎರಡರಿಂದ ನಾಲ್ಕು ಮುಚ್ಚಿರುತ್ತದೆ. ಮೂರು ಕಲ್ಲುಗಳೂ ಒಂದೇ ತಟ್ಟೆಗೆ ಬಿದ್ದವು.

ಕೇಳಿಬಿಡಬಹುದಿತ್ತು. ಮೂವತ್ತೊಂದು ವರ್ಷದ ಅಭ್ಯಾಸ ಬಿಡಲಿಲ್ಲ: ಅಂಗಡಿಯವನನ್ನು ಯಾರಾದರೂ ಕೇಳುತ್ತಾರೆಯೇ, ನಿನ್ನ ತೂಕ ಮೋಸದ್ದೇ ಎಂದು? ಇನ್ನಷ್ಟು ನೋಡಿದರು. ನೋಡಿದಷ್ಟೂ ಸಿಕ್ಕಿತು. ಬೆಳಗಿನ ಪೇಪರು ಮೊದಲು ತನಗೇ ಬೇಕೆಂದು ಜಗಳವಾಡುತ್ತಿದ್ದವಳು ಈಗ "ನೀವೇ ಓದಿ, ನಾನು ಕೇಳಿಸ್ಕೋತೀನಿ" ಎನ್ನುತ್ತಾಳೆ. ಮನಸ್ಸು ಎಲ್ಲೋ ಇದೆ. ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಾಳೆ. ಕೈ ನಡುಗುವುದನ್ನು ಮುಚ್ಚಲು. ಮಾತಾಡುವಾಗ ಮುಖಕ್ಕೆ ಮುಖ ಕೊಡುವುದಿಲ್ಲ, ಕಿವಿಯ ಪಕ್ಕ ಎಲ್ಲೋ ನೋಡುತ್ತಾಳೆ. ತಪ್ಪಿತಸ್ಥರ ನೋಟ ಎಲ್ಲಿರುತ್ತದೆಂದು ಸಾಹೇಬರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದಿನ ಭಾನುವಾರ ಮೂರನೆಯ ಅಂಕ ಮುಗಿಯಿತು. ಉಳಿದದ್ದು ಕೊನೆಯ ಅಂಕ ಒಂದೇ. ಚಹಾದ ಲೋಟ ಕೆಳಗಿಟ್ಟು ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಒಂದು ಮಾತು. ಪಾತ್ರ ಹಂಚಿರೋದು ಸರಿ ಇಲ್ಲ."

"ಯಾಕೆ ಸಾಹೇಬ್ರೇ, ಕೆಮ್ಮು ಕಮ್ಮಿ ಆಯ್ತಾ?" ಎಂದಳು ಟೈಲರಮ್ಮ.

"ತಮಾಷೆ ಬೇಡಮ್ಮಾ. ಯಾವಾಗ್ಲೂ ಅವರವರಿಗೇ ಅದದೇ ಪಾತ್ರ ಅಂದ್ರೆ ಹೇಗೆ? ಕೊನೇ ಅಂಕಕ್ಕೆ ಚೀಟಿ ಎತ್ತೋಣ. ಇಲ್ಲೇ, ಎಲ್ಲರ ಕಣ್ಮುಂದೆ. ಯಾರಿಗೆ ಏನು ಬರತ್ತೋ ಅದನ್ನ ಅಲ್ಲೇ ಓದ್ಬೇಕು. ಮೊದಲೇ ಮನೇಲಿ ಓದ್ಕೊಂಡು ಬರೋ ಹಾಗಿಲ್ಲ."

ಕೊನೆಯ ಮಾತು ಹೇಳುವಾಗ ಅವರು ಔಷಧಿ ಅಂಗಡಿಯವರನ್ನು ನೋಡಿದರು. ಅಂಗಡಿಯವರು ಅಕ್ಕನನ್ನು ನೋಡಿದರು. ಅಕ್ಕ ಕೈಯಲ್ಲಿದ್ದ ಪ್ರತಿಯನ್ನು ನಿಧಾನವಾಗಿ ಮುಚ್ಚಿ, ಅದರ ಅಂಚುಗಳನ್ನು ಸರಿಸಮ ಮಾಡತೊಡಗಿದರು. ಒಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ಸಿಕ್ಕಿಬಿದ್ದರು, ಅಂದುಕೊಂಡರು ಸಾಹೇಬರು, ಅಂದುಕೊಂಡಷ್ಟು ಖುಷಿಯಾಗಲಿಲ್ಲ.

"ಆಗ್ಲಿ ಸಾರ್," ಎಂದಳು ಮೇಡಂ. "ಚೀಟಿ ನೀವೇ ಬರೀರಿ, ನೀವೇ ಬಿಚ್ಚಿ ಓದಿ. ಇಲ್ಲಾಂದ್ರೆ ಅದ್ರಲ್ಲೂ ನಮ್ಮ ಕೈವಾಡ ಇದೆ ಅಂತೀರಿ."

ಮನೆಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ: "ಚೀಟಿ ಯಾಕ್ರೀ ಬೇಕಿತ್ತು?"

"ನಿಂಗೆ ಯಾಕೆ ಬೇಡ?"

ಅಕ್ಕ ಒಳಗೆ ಹೋದರು.

ಬುಧವಾರ ಸಾಹೇಬರು ಹಿಂಬಾಲಿಸಿದರು. ನೂರು ಹೆಜ್ಜೆ ಅಂತರ ಬಿಟ್ಟು, ಮೂಲೆ ಬಂದಾಗ ನಿಂತು, ಗೋಡೆಯ ನೆರಳು ಹಿಡಿದು. ತಾನು ಬೆಕ್ಕಿನ ಹಾಗೆ ನಡೆಯುತ್ತೇನೆಂದು ಅವರಿಗೆ ಹೆಮ್ಮೆಯಿತ್ತು. ಔಷಧಿ ಅಂಗಡಿಯ ಮುಂದಿನ ಬಾಗಿಲು ಮುಚ್ಚಿತ್ತು. ಹಿಂದಿನ ಓಣಿಯಲ್ಲಿ ಉಗ್ರಾಣದ ಕಿಟಕಿ ಅರ್ಧ ತೆರೆದಿತ್ತು. ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯ ಪಕ್ಕ ನಿಂತು ಒಳಗೆ ಇಣುಕಿದರು.

ಒಳಗೆ ಔಷಧಿ ವಾಸನೆ. ಕಪಾಟುಗಳ ನಡುವೆ ಎರಡು ಸ್ಟೂಲು. ಒಂದರ ಮೇಲೆ ಅಂಗಡಿಯವರು. ಬುತ್ತಿ ಪಕ್ಕದಲ್ಲಿ ಮುಚ್ಚಿಕೊಂಡೇ ಇತ್ತು, ಕೈಯಲ್ಲಿ ನಾಟಕದ ಪ್ರತಿ. ಇನ್ನೊಂದರ ಮೇಲೆ ಅವರ ಹೆಂಡತಿ, ಕಣ್ಣು ಮುಚ್ಚಿಕೊಂಡು, ಕೈ ಮಡಿಲಲ್ಲಿ ಇಟ್ಟುಕೊಂಡು, ತುಟಿ ಅಲುಗಿಸುತ್ತ. ಎಕ್ಸ್‌ಚೇಂಜಿನಲ್ಲಿ ನಂಬರು ಹುಡುಕುವಾಗ ಅವರು ಹೀಗೇ ಕೂರುತ್ತಿದ್ದರು.

"ಹೆಂಡತಿ ಪಾತ್ರ ಆಯ್ತು, ವೈದ್ಯ ಆಯ್ತು," ಎಂದರು ಅಂಗಡಿಯವರು. "ಐದೂ ಪಾತ್ರ ಬಾಯಿಪಾಠ ಅಂದ್ರೆ ಆಗೋ ಮಾತಾ ಅಕ್ಕಾ? ಇನ್ನು ನಾಲ್ಕು ದಿನ."

"ಆರುನೂರು ನಂಬರ್ ಇಟ್ಕೊಂಡಿದ್ದ ತಲೆ ಇದು. ಓದಿ ನೀವು."

"ಕಣ್ಣಿನ ಡಾಕ್ಟರು ಏನಂದ್ರು?"

"ಅಂಚು ಉಳಿಯತ್ತಂತೆ. ನಡುವಿನದು ಹೋಯ್ತು. ಯಾರ ಮುಖ ನೋಡಿದ್ರೂ ನಟ್ಟನಡುವೆ ಮಸಿ ಒರೆಸಿದ ಹಾಗೆ. ಅಕ್ಷರ ಅಂತೂ ಇರುವೆ ಸಾಲು." ಅಕ್ಕ ನಕ್ಕರು. "ಪುಟ ಯಾವಾಗ ಮಗುಚ್ಬೇಕು ಅಂತ ನಿಮ್ಮೆಲ್ಲರ ಹಾಳೆ ಸದ್ದು ಕೇಳ್ಕೊಂಡು ಮಗುಚ್ತೀನಿ. ಯಾರಿಗೂ ಗೊತ್ತಾಗಿಲ್ಲ."

ಕಿಟಕಿಯ ಹೊರಗೆ ಸಾಹೇಬರು ಕಾಲು ಬದಲಿಸಿದರು. ಒಳಗೆ ಅಂಗಡಿಯವರು ಮೊದಲಿನಂತೆಯೇ ಕೂತಿದ್ದರು. ಅಕ್ಕ ಮಾತ್ರ ಕಣ್ಣು ತೆರೆದು ತಲೆಯನ್ನು ತುಸು ಓರೆ ಮಾಡಿದ್ದರು.

"ಸಾಹೇಬ್ರಿಗೆ ಹೇಳಿಬಿಡಿ ಅಕ್ಕಾ. ಗಂಡ ಅಲ್ವಾ?"

"ಹೇಳಿದ್ರೆ?" ಅಕ್ಕನ ದನಿ ಮೊದಲಿಗಿಂತ ಗಟ್ಟಿಯಾಗಿತ್ತು. "ಕೆಟ್ಟ ತಕ್ಕಡಿಗೆ ಅವರು ಏನು ಮಾಡ್ತಿದ್ರು ಗೊತ್ತಾ? ಕೆಂಪು ಚೀಟಿ ಅಂಟಿಸಿ ಆಫೀಸಿನ ಮೂಲೇಲಿ ಇಡ್ತಿದ್ರು. ಕೆಟ್ಟದ್ದು ಮನುಷ್ಯರ ಮಧ್ಯೆ ಇರಬಾರದಂತೆ. ನನ್ನನ್ನೂ ಹಾಗೇ ಇಡ್ತಾರೆ. ಹೊರಗೆ ಹೋಗ್ಬೇಡ, ಒಲೆ ಹಚ್ಚಬೇಡ, ಬೀಳ್ತೀಯ. ಪ್ರೀತಿಯಿಂದಾನೇ ಇಡ್ತಾರೆ, ಅದೇ ಕಷ್ಟ. ಭಾನುವಾರದ ಆ ಎರಡು ತಾಸು ಹೋಯ್ತು ಅಂದ್ರೆ ನಾನು ಮೂಲೇಲಿರೋ ಸಾಮಾನು ಅಷ್ಟೆ. ಓದೋರ ಮಧ್ಯೆ ಓದಲಾರದವಳಿಗೆ ಏನು ಕೆಲಸ?"

ಸಾಹೇಬರು ರಟ್ಟಿನ ಪೆಟ್ಟಿಗೆಗಳಿಗೆ ಒರಗಿ ನಿಂತರು. ಖಾಲಿ ಪೆಟ್ಟಿಗೆಗಳು, ಅವರ ಭಾರಕ್ಕೆ ಮೆತ್ತಗೆ ಒಳಗೆ ಹೋದವು. ಪೇಪರು. ಲೋಟದ ಅಂಚಿನ ಬೆರಳು. ಕಿವಿಯ ಪಕ್ಕದ ನೋಟ. ತಮ್ಮ ಮುಖ ಕಾಣಲೆಂದೇ ಅವಳು ಪಕ್ಕಕ್ಕೆ ನೋಡುತ್ತಿದ್ದಳು. ಎಲ್ಲವನ್ನೂ ಅವರು ಕಂಡಿದ್ದರು, ಒಂದನ್ನೂ ಬಿಟ್ಟಿರಲಿಲ್ಲ. ತೂಗಿದ್ದು ಮಾತ್ರ ತಪ್ಪು ಕಲ್ಲಿನಲ್ಲಿ.

ಮೂರು ದಿನ ಅವರು ಅದನ್ನೇ ತೂಗಿದರು. ಚೀಟಿಯ ಮಾತನ್ನು ಹಿಂತೆಗೆದುಕೊಳ್ಳೋಣವೆಂದರೆ ಟೈಲರಮ್ಮ ಬಿಡುತ್ತಾಳೆಯೇ? ಕಾರಣ ಕೇಳುತ್ತಾಳೆ. ಕಾರಣ ಹೇಳಿದರೆ ಹೆಂಡತಿಯ ಗುಟ್ಟು ಬೀದಿಗೆ ಬಿತ್ತು. ಮೂಲೆಯಲ್ಲಿ ಕೂತು ತುಟಿ ಅಲುಗಿಸುವ ಹೆಂಡತಿಯನ್ನು ನೋಡುವರು, ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುವರು. ಶನಿವಾರ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಗಟ್ಟಿಯಾಗಿ ಓದಿದರು.

"ಏನ್ರೀ ಇವತ್ತು, ಟೆಂಡರ್ ನೋಟಿಸೂ ಬಿಡ್ತಿಲ್ಲ?" ಎಂದರು ಅಕ್ಕ.

"ಹೀಗೇ. ಗಂಟಲು ಸರಿ ಇದೆಯಾ ಅಂತ ನೋಡ್ದೆ."

ಭಾನುವಾರ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬ. ಅದರಲ್ಲಿ ಸಾಹೇಬರ ಕೈಬರಹದ ಐದು ಚೀಟಿ, ಒಂದೇ ಅಳತೆ, ಒಂದೇ ಮಡಿಕೆ. ಡಬ್ಬ ಅಲುಗಾಡಿಸಿ ಮೊದಲು ಹೆಂಡತಿಯ ಮುಂದೆ ಹಿಡಿದರು. ಅಕ್ಕ ಕೈ ಹಾಕಿ ಒಂದನ್ನು ಎತ್ತಿದರು. ಬಿಚ್ಚಲಿಲ್ಲ. ಗಂಡನ ದಿಕ್ಕಿಗೆ ಚಾಚಿದರು.

ಸಾಹೇಬರು ಬಿಚ್ಚಿದರು. ತಮ್ಮದೇ ಗುಂಡಗಿನ ಅಕ್ಷರ: ನೆರೆಮನೆಯವನು.

ಮೂವತ್ತೊಂದು ವರ್ಷದಲ್ಲಿ ಒಂದು ಗ್ರಾಮಿನ ಸುಳ್ಳು ಪ್ರಮಾಣಪತ್ರಕ್ಕೂ ಅವರು ಮುದ್ರೆ ಒತ್ತಿದವರಲ್ಲ.

"ಯಜಮಾನನ ಹೆಂಡತಿ," ಎಂದು ಓದಿದರು.

ಔಷಧಿ ಅಂಗಡಿಯವರು ಬಿಟ್ಟ ಉಸಿರು ಇಡೀ ಕೋಣೆಗೆ ಕೇಳಿಸಿತು. ಟೈಲರಮ್ಮನ ಹುಬ್ಬು ಮೇಲೇರಿತು. "ಮತ್ತೆ ಅಕ್ಕಂಗೇನಾ? ತೋರಿಸಿ ಸಾಹೇಬ್ರೇ ಆ ಚೀಟಿ. ಎಲ್ಲರ ಕಣ್ಮುಂದೆ ಅಂದೋರು ನೀವೇ ಅಲ್ವಾ?"

"ಯಾಕೆ, ನನ್ನ ಮೇಲೆ ಅನುಮಾನಾನಾ?"

"ನಿಮ್ಮ ಹತ್ರಾನೇ ಕಲ್ತಿದ್ದು."

ಅವಳು ಕೈ ಚಾಚಿದಳು. ಸಾಹೇಬರು ಚೀಟಿ ಕೊಡಲು ಹೋದಂತೆ ಹೋದರು, ಕೈ ತಪ್ಪಿತು, ಚೀಟಿ ನೇರವಾಗಿ ಅವರ ಚಹಾದ ಲೋಟದಲ್ಲಿ ಬಿತ್ತು. ಬೆರಳು ಹಾಕಿ ತೆಗೆಯುವ ಗಡಿಬಿಡಿಯಲ್ಲಿ ಅದನ್ನು ಚೆನ್ನಾಗಿ ಹಿಸುಕಿದರು. ನೀಲಿ ಶಾಯಿ ಚಹಾದೊಳಗೆ ಹೊಗೆಯಂತೆ ಹರಡಿತು. ಅದು ಸಾಲದೆಂಬಂತೆ ಲೋಟ ಎತ್ತಿ ಅಷ್ಟನ್ನೂ ಕುಡಿದುಬಿಟ್ಟರು.

"ಸಾರ್, ಶಾಯಿ!" ಎಂದಳು ಮೇಡಂ.

"ಬಿಸಿ ಆರಿಹೋಗ್ತಿತ್ತು," ಎಂದರು ಸಾಹೇಬರು.

ಉಳಿದ ಚೀಟಿಗಳು ಸರಸರ ಮುಗಿದವು. ಮೇಷ್ಟ್ರು ಎತ್ತಿದ ಚೀಟಿಯಲ್ಲಿ ಹೆಂಡತಿ ಎಂದಿತ್ತು. ಸಾಹೇಬರು ಅದನ್ನು ನೆರೆಮನೆಯವನು ಎಂದು ಓದಿ ಜೇಬಿಗೆ ಹಾಕಿಕೊಂಡರು. ಅಲ್ಲಿಂದ ಮುಂದೆ ಇದ್ದದ್ದನ್ನು ಇದ್ದಂತೆ ಓದಿದರು. ಟೈಲರಮ್ಮನಿಗೆ ವೈದ್ಯ ಬಂತು. ಔಷಧಿ ಅಂಗಡಿಯವರಿಗೆ ಯಜಮಾನ, ಅಂದರೆ ಇಡೀ ಅಂಕ ಅಕ್ಕನ ಎದುರು ಗಂಡನಾಗಿ ಕೂರುವ ಪಾತ್ರ. ಆ ಚೀಟಿಯನ್ನು ಹಿಡಿದು ಸಾಹೇಬರು ಒಂದು ಗಳಿಗೆ ನಿಂತರು. ಅದನ್ನೂ ಬದಲಿಸಬಹುದಿತ್ತು. ಬದಲಿಸಲಿಲ್ಲ. ಡಬ್ಬದ ತಳದಲ್ಲಿ ಅವರಿಗೆ ಉಳಿದದ್ದು ಕೆಲಸದವಳು.

ಅಂದು ತಕ್ಕಡಿ ಸಾಹೇಬರು ಕೀರಲು ದನಿಯಲ್ಲಿ "ಅಯ್ಯೋ ಅಮ್ಮಾವ್ರೇ, ಪಾತ್ರೆ ಬಿತ್ತು!" ಎಂದಾಗ ಮೇಷ್ಟ್ರು ಕುರ್ಚಿಯಿಂದ ಜಾರಿದರು. ಆಮೇಲೆ ಅಕ್ಕ ಕೊನೆಯ ಮಾತುಗಳನ್ನು ಎತ್ತಿಕೊಂಡರು. ನಾಟಕದ ಹೆಂಡತಿ ಗೋಡೆಗೆ ಹೇಳುವ ಮಾತುಗಳವು. ಅಕ್ಕನ ತೊಡೆಯ ಮೇಲೆ ಪ್ರತಿ ತೆರೆದಿತ್ತು. ಸಾಹೇಬರು ಪಕ್ಕದಲ್ಲೇ ಕೂತು, ಪುಟ ಮುಗಿದಾಗಲೆಲ್ಲ ತಮ್ಮ ಹಾಳೆಯನ್ನು ಬೇಕೆಂದೇ ಪರಪರ ಸದ್ದು ಮಾಡಿ ಮಗುಚಿದರು.

ಇಬ್ಬರೂ ಮನೆಯ ದಾರಿ ಹಿಡಿದರು. ಇಳಿಬಿಸಿಲು. ಚಪ್ಪಲಿ ಕಿರ್, ಕಿರ್.

"ನನ್ನ ಚೀಟೀಲಿ ಏನಿತ್ತು?" ಎಂದರು ಅಕ್ಕ.

"ಓದಿದ್ನಲ್ಲ."

"ಓದಿದ್ದು ಕೇಳಿಸ್ತು. ಇದ್ದಿದ್ದು ಏನು?"

ಸಾಹೇಬರು ಎರಡು ಹೆಜ್ಜೆ ನಡೆದರು. "ನೆರೆಮನೆಯವನು."

ಅಕ್ಕ ನಿಂತೇಬಿಟ್ಟರು. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮೂರು ಮಾತು, ಒಂದು ಕೆಮ್ಮು! ಅದು ನಂಗೆ ಮೊದಲ ದಿನಾನೇ ಬಾಯಿಗೆ ಬಂದಿತ್ತು ಕಣ್ರೀ. ಅದಕ್ಕೆ ಶಾಯಿ ಕುಡಿದ್ರಾ?"

ಸಾಹೇಬರಿಗೆ ನಗು ಬರಲಿಲ್ಲ. "ಹಾಗಾದ್ರೆ ನಂಗೆ ಗೊತ್ತು ಅಂತ ನಿಂಗೆ..."

"ಬುಧವಾರ ಕಿಟಕಿ ಹತ್ರ ಯಾಕೆ ನಿಂತಿದ್ರಿ? ಒಳಗೆ ಬರಬಾರದಿತ್ತಾ?"

"ಯಾರು ಹೇಳಿದ್ರು? ಆ ಮಾತ್ರೆ ಮಾರೋನಾ?"

"ನಿಮ್ಮ ಎಡಗಾಲು."

ಸಾಹೇಬರು ಕೆಳಗೆ ನೋಡಿದರು. ಒಂದು ಹೆಜ್ಜೆ ಇಟ್ಟರು. ಕಿರ್. ಇನ್ನೊಂದು. ಮೂವತ್ತೊಂದು ವರ್ಷದ ಮಾರುಕಟ್ಟೆ, ಅಷ್ಟೂ ಅಂಗಡಿಗಳ ಅಷ್ಟೂ ಒಳ್ಳೆಯ ಕಲ್ಲುಗಳು, ಅಷ್ಟೂ ವ್ಯಾಪಾರಿಗಳ ನಗುಮುಖ ಒಟ್ಟಿಗೇ ಕಣ್ಮುಂದೆ ಬಂದು ನಿಂತವು.

"ನೀನು ಅಲ್ಲಿ ಹೇಳಿದ್ದು," ಎಂದರು ಮೆಲ್ಲಗೆ, "ಆ ಕೆಂಪು ಚೀಟಿ ವಿಷಯ... ನಾನು ಹೊರಗಿದ್ದೀನಿ ಅಂತ ಗೊತ್ತಿದ್ದೇ ಹೇಳಿದ್ದಾ?"

ಅಕ್ಕ ಅವರ ಮುಖದ ಪಕ್ಕಕ್ಕೆ, ಕಿವಿಯ ಹತ್ತಿರ ಎಲ್ಲೋ ನೋಡಿದರು. "ನಾಟಕ ನೀವೂ ಓದಿದ್ದೀರಲ್ಲ."

ಹೌದೋ ಅಲ್ಲವೋ, ಅದರಿಂದ ಹೊರಬೀಳಲಿಲ್ಲ. ಇವತ್ತು ಚೀಟಿ ಎತ್ತಿ ಬಿಚ್ಚದೆ ತಮ್ಮ ಕೈಗೇ ಕೊಟ್ಟದ್ದೂ ಒಂದು ಪರೀಕ್ಷೆಯೇ ಇರಬಹುದೇ ಎಂದು ಸಾಹೇಬರಿಗೆ ಅನುಮಾನ ಬಂತು. ಕೇಳಲಿಲ್ಲ. ಕೈ ಚಾಚಿದರು, ಅಕ್ಕ ಮೊಣಕೈ ಹಿಡಿದುಕೊಂಡರು.

"ಬುಧವಾರ ಅವರ ಊಟದ ಹೊತ್ತು ಹಾಳು ಮಾಡ್ಬೇಡ," ಎಂದರು ಸಾಹೇಬರು. "ನಂಗೂ ಓದೋಕೆ ಬರತ್ತೆ."

"ಕೆಮ್ಮೋಕೂ ಬರತ್ತೆ."

ರಸ್ತೆ ತಿರುವಿನಲ್ಲಿ ಚಮ್ಮಾರನ ಅಂಗಡಿ ಇನ್ನೂ ತೆರೆದಿತ್ತು. ಸಾಹೇಬರು ನಡಿಗೆ ನಿಧಾನಿಸಿದರು. "ಈ ಚಪ್ಪಲಿ ಒಂದ್ಸಲ ತೋರಿಸಿಬಿಡ್ಲಾ?"

"ಬೇಡ," ಎಂದರು ಅಕ್ಕ. "ಇರ್ಲಿ. ಮುಂದೆ ನಂಗೆ ಬೇಕಾಗತ್ತೆ."